ಸಿತ್ತಾಂಗ್ ಸೇತುವೆ: ಬೆಳಗಿನ ಜಾವದ ಒಂದು ಫೋನ್ ಕಾಲ್, ಮೂರು ವರ್ಷದ ರಿಪೇರಿ

1942ರ ಫೆಬ್ರವರಿ 23, ಬೆಳಗಿನ ಜಾವ ಐದೂವರೆ. ಬರ್ಮಾದ ಸಿತ್ತಾಂಗ್ ನದಿ ಮೇಲಿದ್ದ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಉದ್ದದ ರೈಲ್ವೆ ಸೇತುವೆನ, ಅದನ್ನ ಕಾಯ್ತಿದ್ದ ಬ್ರಿಟಿಷ್ ಇಂಡಿಯನ್ ಸೇನೆನೇ ಸಿಡಿಮದ್ದು ಇಟ್ಟು ಬೀಳಿಸ್ತು. ಜಪಾನಿಗಳು ದಾಟಬಾರದು ಅಂತ. ಸರಿ, ಯುದ್ಧದಲ್ಲಿ ಸೇತುವೆ ಬೀಳಿಸೋದು ಹೊಸದೇನಲ್ಲ, ಆದ್ರೆ ಇಲ್ಲಿ ಸೇತುವೆ ಬಿದ್ದಾಗ ಅಲ್ಲಿದ್ದ ಡಿವಿಜನ್ನಿನ (ಸಾವಿರಾರು ಸೈನಿಕರ ದೊಡ್ಡ ಘಟಕ, ಬ್ರಿಗೇಡ್ ಅಂದ್ರೆ ಅದರ ಒಂದು ಭಾಗ) ಮೂರು ಬ್ರಿಗೇಡ್‌ನಲ್ಲಿ ಎರಡು ಬಹುತೇಕ ಪೂರ್ತಿಯಾಗಿ ಇನ್ನೂ ಆಚೆ ದಡದಲ್ಲೇ ಇದ್ವು, ಶತ್ರು ಇದ್ದ ಕಡೆ.

ಇದನ್ನ ಒಂದು ಪ್ರಕರಣದ ತರ ಬಿಡಿಸಿ ನೋಡೋಣ ಅಂತ ಬರೀತಿದೀನಿ. ಜನರಲ್‌ಗಳ ಹೆಸರು ಬೇಕಂತ್ಲೇ ಹಾಕ್ತಿಲ್ಲ, ಊರು, ತಾರೀಕು, ಸೇನಾ ಘಟಕ ಮಾತ್ರ ಇದ್ದಿದ್ದು ಇದ್ದಂಗೆ ಇರುತ್ತೆ. ಹುಡುಕಿದ್ರೆ ಎರಡು ನಿಮಿಷದಲ್ಲಿ ಎಲ್ಲಾ ಹೆಸರೂ ಸಿಗುತ್ತೆ, ಅದು ಗೊತ್ತು, ಆದ್ರೆ ಹೆಸರು ಬಂದ ತಕ್ಷಣ ನಾವು ಯಾರು ಹೀರೋ ಯಾರು ದಡ್ಡ ಅಂತ ಲೆಕ್ಕ ಹಾಕೋಕೆ ಕೂತ್ಬಿಡ್ತೀವಿ, ಯಾವ ಗಳಿಗೇಲಿ ಯಾವ ನಿರ್ಧಾರ ಆಯ್ತು ಅನ್ನೋದು ಹಿಂದೆ ಬಿದ್ದೋಗುತ್ತೆ. ಹಂಗಾಗಿ ಇಲ್ಲಿ ಇರೋರು ಇಷ್ಟೇ ಜನ: ಡಿವಿಜನ್ನಿನ ಮೊದಲ ಕಮಾಂಡರ್, ಅವರ ಕೈಕೆಳಗಿದ್ದು ಆಮೇಲೆ ಅವರ ಜಾಗಕ್ಕೇ ಬಂದ ಎರಡನೇ ಕಮಾಂಡರ್, ಸೇತುವೆ ಕಾಯ್ತಿದ್ದ ಬ್ರಿಗೇಡಿಯರ್, ರಂಗೂನ್‌ನಲ್ಲಿ ಕೂತಿದ್ದ ಸಾಹೇಬ್ರು, ಮತ್ತೆ ಕೊನೆಗೆ ಬರೋ ಆರ್ಮಿ ಕಮಾಂಡರ್. ಎರಡನೇ ಕಮಾಂಡರ್ ಮೇಲೆ ಒಂದು ಕಣ್ಣಿಟ್ಟಿರಿ, ಕಥೆಯ ಎಲ್ಲಾ ತಿರುವಿನಲ್ಲೂ ಆ ಮನುಷ್ಯ ಸಿಗ್ತಾನೆ.

ಹಿನ್ನೆಲೆ

ಡಿವಿಜನ್ನು 17ನೇ ಇಂಡಿಯನ್ ಡಿವಿಜನ್. 1941ರಲ್ಲಿ ಅಹ್ಮದ್‌ನಗರದಲ್ಲಿ ಕಟ್ಟಿದ್ದು. ತಯಾರಿ ಎಲ್ಲಾ ಆಗಿದ್ದು ಮರುಭೂಮಿ ಯುದ್ಧಕ್ಕೆ, ಯಾಕಂದ್ರೆ ಆಗ ಇಂಡಿಯನ್ ಆರ್ಮಿ ಡಿವಿಜನ್‌ಗಳು ಹೋಗ್ತಿದ್ದಿದ್ದೇ ಇರಾಕ್, ಈಜಿಪ್ಟ್ ಕಡೆಗೆ. ಲಾರಿ ಇತ್ತು, ಹೇಸರಗತ್ತೆ ಕಮ್ಮಿ. ಕಾಡು ಅನ್ನೋದನ್ನ ಹುಡುಗರು ಟ್ರೈನಿಂಗ್‌ನಲ್ಲಿ ನೋಡೇ ಇರಲಿಲ್ಲ. ಅವರಲ್ಲಿ ಬಹಳಷ್ಟು ಜನ ಸೇರಿ ವರ್ಷ ಕೂಡ ಆಗದ ಎಳೆ ಹುಡುಗರು, ಯಾಕಂದ್ರೆ ಸೇನೆ ಸಿಕ್ಕಾಪಟ್ಟೆ ಬೇಗ ದೊಡ್ಡದಾಗ್ತಿತ್ತು, ಇದ್ದ ಹಳೇ ಹವಾಲ್ದಾರ್‌ಗಳನ್ನ ಹೊಸ ಬೆಟಾಲಿಯನ್‌ಗೆ ಕಿತ್ತು ಕಿತ್ತು ಕೊಡ್ತಿದ್ರು.

1941 ಡಿಸೆಂಬರ್ 8ಕ್ಕೆ ಜಪಾನ್ ಮಲಯಾದಲ್ಲಿ ಇಳೀತು, 10ನೇ ತಾರೀಕು ಬ್ರಿಟಿಷರ ಎರಡು ದೊಡ್ಡ ಯುದ್ಧನೌಕೆ ಒಂದೇ ದಿನ ಮುಳುಗಿದ್ವು. ಅಲ್ಲಿಂದ ಎಲ್ಲಾ ಗಡಿಬಿಡಿ. 17ನೇ ಡಿವಿಜನ್‌ನ ಮೂಲ ಮೂರು ಬ್ರಿಗೇಡ್‌ನಲ್ಲಿ ಎರಡನ್ನ ಕಿತ್ತು ಮಲಯಾಕ್ಕೆ ಕಳಿಸಿದ್ರು, ಎರಡೂ ಅಲ್ಲೇ ಮುಗಿದೋದ್ವು. ಫೆಬ್ರವರಿ 15ಕ್ಕೆ ಸಿಂಗಪುರನೇ ಬಿತ್ತು. (ಅಲ್ಲಿ ಸೆರೆ ಸಿಕ್ಕೋರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪದಾತಿ ಬೆಟಾಲಿಯನ್ನೂ ಒಂದಿತ್ತು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.) ಉಳಿದ ಒಂದು ಬ್ರಿಗೇಡ್ ಜೊತೆಗೆ ಅಲ್ಲಿಂದ ಇಲ್ಲಿಂದ ಸಿಕ್ಕ ಬ್ರಿಗೇಡ್‌ಗಳನ್ನ ಸೇರಿಸಿ ಇದೇ 17ನೇ ಡಿವಿಜನ್ ಅಂತ ಬರ್ಮಾಕ್ಕೆ ಕಳಿಸಿದ್ರು. ಅಂದ್ರೆ ಹೆಸರು ಮಾತ್ರ ಹಳೇದು, ಒಳಗಿನ ಜನ ಒಬ್ಬರಿಗೊಬ್ಬರು ಪರಿಚಯನೇ ಇಲ್ಲ.

ಜಪಾನಿಗಳ ವರಸೆ ತುಂಬಾ ಸಿಂಪಲ್. ಎದುರಿಂದ ಸ್ವಲ್ಪ ಜನ ಗುಂಡು ಹಾರಿಸ್ತಾ ನಿಮ್ಮನ್ನ ಹಿಡಿದಿಟ್ಕೋತಾರೆ, ಉಳಿದೋರು ಕಾಡಿನ ಒಳಗಿಂದ ಸುತ್ತಿ ಬಂದು ನಿಮ್ಮ ಹಿಂದಿನ ರಸ್ತೆಗೆ ಅಡ್ಡ ಕೂರ್ತಾರೆ. ಲಾರಿ ಮೇಲೆ ಬದುಕೋ ಸೇನೆಗೆ ರಸ್ತೆ ಹೋದ್ರೆ ಊಟ, ಮದ್ದುಗುಂಡು, ಗಾಯಾಳು ಸಾಗಣೆ ಎಲ್ಲಾ ಹೋಯ್ತು. ಹಿಂದೆ ಶತ್ರು ಇದಾನೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಮಾಡ್ತಿದ್ದಿದ್ದು ಒಂದೇ, ವಾಪಸ್ ಓಡೋದು.

ಸಮಸ್ಯೆ ನಿಜವಾಗಿ ಶುರುವಾಗಿದ್ದು ಎಲ್ಲಿ

ಮೊದಲ ಕಮಾಂಡರ್ ದಡ್ಡ ಅಲ್ಲ, ಅಂಜುಬುರುಕ ಅಂತೂ ಅಲ್ವೇ ಅಲ್ಲ, ಮೊದಲ ಮಹಾಯುದ್ಧದಲ್ಲೇ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ತಗೊಂಡಿದ್ದ ಮನುಷ್ಯ. ಮ್ಯಾಪ್ ನೋಡಿದ ಮೊದಲ ದಿನದಿಂದ ಅವರು ಹೇಳ್ತಿದ್ದಿದ್ದು ಒಂದೇ ಮಾತು: ಮುಂದೆ ಮುಂದೆ ಚೆಲ್ಲಾಪಿಲ್ಲಿ ನಿಲ್ಲೋದು ಬೇಡ, ಎಲ್ಲಾರೂ ಸಿತ್ತಾಂಗ್ ದಾಟಿ ಈಚೆಗೆ ಬರೋಣ, ನದಿ ನಮ್ಮ ಮುಂದಿರಲಿ, ಈಚೆ ಬಯಲಿದೆ, ಅಲ್ಲಿ ಹೊಡೆದಾಡೋಣ. ಜನವರಿ 31ಕ್ಕೆ ಮೌಲ್ಮೇನ್ ಅನ್ನೋ ಊರು ಜಪಾನಿಗಳ ಕೈಗೆ ಹೋಯ್ತು. ಫೆಬ್ರವರಿ ಎರಡನೇ ವಾರದಲ್ಲಿ ಅವರು ತಮ್ಮ ಕೈಕೆಳಗಿನ ಬ್ರಿಗೇಡಿಯರ್ ಒಬ್ಬರನ್ನ (ಇವರೇ ಮುಂದೆ ಎರಡನೇ ಕಮಾಂಡರ್ ಆಗೋದು) ಖುದ್ದಾಗಿ ರಂಗೂನ್‌ಗೆ ಕಳಿಸಿ ಪರ್ಮಿಷನ್ ಕೇಳಿದ್ರು. ರಂಗೂನ್ ಸಾಹೇಬ್ರು ಆಗಲ್ಲ ಅಂದ್ರು.

ಸಾಹೇಬ್ರ ಕಡೆಯಿಂದ ನೋಡಿದ್ರೂ ಕಾರಣ ಇತ್ತು, ಅದನ್ನ ಹೇಳದೆ ಬಿಟ್ರೆ ಮೋಸ ಆಗುತ್ತೆ. ರಂಗೂನ್ ಬಂದರಿಗೆ ಟ್ಯಾಂಕ್ ಬ್ರಿಗೇಡ್ ಒಂದು ಬರೋದಿತ್ತು, ಅದು ಇಳಿದಿದ್ದು ಫೆಬ್ರವರಿ 21ಕ್ಕೆ. ಅಲ್ಲೀವರೆಗೂ ಜಪಾನಿಗಳನ್ನ ದೂರ ಇಡಬೇಕು. ಜೊತೆಗೆ ಅವರ ಮೇಲಿನ ಸಾಹೇಬ್ರು ಜಾವಾದಲ್ಲಿ, ಸಾವಿರಾರು ಕಿಲೋಮೀಟರ್ ದೂರ, ಅಲ್ಲಿಂದ ಹಿಂದೆ ಸರೀಬೇಡಿ ಅನ್ನೋ ಒತ್ತಡ. ಆ ಒತ್ತಡ ಮೇಲಿಂದ ಕೆಳಕ್ಕೆ ಇಳೀತಾ ಬಂದು ಕೊನೆಗೆ ಬಿಲಿನ್ ಅನ್ನೋ ಒಂದು ಸಣ್ಣ ನದಿ ದಡದಲ್ಲಿ ನಿಂತಿದ್ದ ಎಳೆ ಹುಡುಗರ ತಲೆ ಮೇಲೆ ಕೂತ್ಕೊಳ್ತು. ಬೇಸಿಗೇಲಿ ಆ ನದೀನ ನಡ್ಕೊಂಡೇ ದಾಟಬಹುದಿತ್ತು. ಅಲ್ಲಿ ನಾಕು ದಿನ ಹೊಡೆದಾಡಿ ಮೀಸಲಿಗೆ ಅಂತ ಒಬ್ಬನೂ ಉಳೀದೆ ಇದ್ದಾಗ, 19ನೇ ತಾರೀಕು ಪರ್ಮಿಷನ್ ಸಿಕ್ತು: ಸಿತ್ತಾಂಗ್ ಈಚೆಗೆ ಬನ್ನಿ.

ಕೇಳಿದ್ದು ಸಿಕ್ತು, ಆದ್ರೆ ಒಂದು ವಾರ ಲೇಟಾಗಿ. ಇಡೀ ಪ್ರಕರಣದ ಗಂಟು ಈ ಒಂದು ವಾರದಲ್ಲಿದೆ ಅನ್ನೋದು ನನ್ನ ಅಭಿಪ್ರಾಯ, ಮುಂದೆ ಬರೋ ಸೇತುವೆ ಸ್ಫೋಟದಲ್ಲಿ ಅಲ್ಲ.

ಮೂವತ್ತು ಮೈಲಿ

ಬಿಲಿನ್‌ನಿಂದ ಸೇತುವೆಗೆ ಸುಮಾರು ಮೂವತ್ತು ಮೈಲಿ. ಕೆಂಪು ಧೂಳಿನ ಒಂದೇ ಒಂದು ಕಚ್ಚಾ ದಾರಿ, ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಕಾಡು. ಫೆಬ್ರವರಿ 21ರ ಬಿಸಿಲಲ್ಲಿ ಇಡೀ ಡಿವಿಜನ್ ಆ ದಾರೀಲಿ ಸಾಲಾಗಿ ನಡೀತಿದೆ, ನೀರಿಲ್ಲ. ಮೇಲಿಂದ ಜಪಾನಿ ವಿಮಾನ ಬಂದು ಹೊಡೆದ್ವು. ಅದು ಸಾಲದು ಅಂತ ಗಾಯದ ಮೇಲೆ ಬರೆ ಎಳೆದಂಗೆ ನಮ್ಮ ಕಡೆಯವೇ ಆದ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳೂ ಬಂದು ಇವರೇ ಜಪಾನಿಗಳು ಅಂದ್ಕೊಂಡು ಬಾಂಬ್ ಹಾಕಿ ಹೋದ್ವು. ಲಾರಿಗಳು ಹೊತ್ತಿ ಉರಿದ್ವು, ಹೇಸರಗತ್ತೆಗಳು ಕಾಡಿಗೆ ಓಡಿದ್ವು, ವೈರ್‌ಲೆಸ್ ಸೆಟ್ಟುಗಳು ಹಾಳಾದ್ವು. ಇದೇ ಹೊತ್ತಲ್ಲಿ ಜಪಾನಿನ 33ನೇ ಡಿವಿಜನ್ ಕಾಡಿನ ಒಳಗೆ ಪಕ್ಕದಲ್ಲೇ ಸಮಾನಾಂತರವಾಗಿ ಸೇತುವೆ ಕಡೆಗೆ ಓಡ್ತಿತ್ತು. 33 ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಸೇತುವೆ ರೈಲಿಗೆ ಮಾಡಿದ್ದು, ಲಾರಿ ಹೋಗೋಕೆ ಅಂತ ಮೇಲೆ ಹಲಗೆ ಹಾಸಿದ್ರು. 22ರ ಬೆಳಗಿನ ಜಾವ ಕತ್ತಲಲ್ಲಿ ಒಂದು ಲಾರಿಯ ಚಕ್ರ ಹಲಗೆಯಿಂದ ಜಾರಿ ಸಿಕ್ಕಾಕೊಳ್ತು. ಎರಡು ಗಂಟೆಗೂ ಮೇಲೆ ಟ್ರಾಫಿಕ್ ಜಾಮ್. ಒಂದು ಸಾಮ್ರಾಜ್ಯದ ಪೂರ್ವದ ಬಾಗಿಲು ಒಂದು ಲಾರಿ ಚಕ್ರಕ್ಕೆ ಸಿಕ್ಕಾಕೊಂಡಿತ್ತು ಅಂತ ಬರೆದ್ರೆ ಸಿನಿಮಾ ಡೈಲಾಗ್ ತರ ಕೇಳ್ಸುತ್ತೆ, ಆದ್ರೆ ಆಗಿದ್ದು ಅದೇ. ಜಾಮ್ ಬಿಡೋ ಹೊತ್ತಿಗೆ ಬೆಳಕು ಹರೀತು, ಬೆಳಗ್ಗೆ ಎಂಟೂವರೆ ಸುಮಾರಿಗೆ ಜಪಾನಿಗಳು ಸೇತುವೆಯ ಪೂರ್ವ ತುದಿ ಮೇಲೆ ಬಿದ್ರು. ಅಲ್ಲಿದ್ದ ಪಗೋಡ ಗುಡ್ಡ ದಿನವಿಡೀ ಕೈ ಬದಲಾಯಿಸ್ತಾ ಇತ್ತು. ಹಿಂದೆ ಮೋಕ್‌ಪಾಲಿನ್ ಹತ್ರ ಎರಡು ಬ್ರಿಗೇಡ್ ಸಿಕ್ಕಾಕೊಂಡಿದಾವೆ, ಅವರ ಜೊತೆ ಸಂಪರ್ಕವೇ ಇಲ್ಲ. ಸೇತುವೆ ಕಾಯ್ತಿರೋ ಬ್ರಿಗೇಡಿಯರ್‌ಗೆ ಹಿಂದೆ ಎಷ್ಟು ಜನ ಬದುಕಿದಾರೆ ಅನ್ನೋದೇ ಗೊತ್ತಿಲ್ಲ.

ಫೋನ್ ಕಾಲ್

ಬೆಳಗಿನ ಜಾವ ಸುಮಾರು ನಾಕೂವರೆ. ಬ್ರಿಗೇಡಿಯರ್ ಇಂಜಿನಿಯರ್‌ಗಳನ್ನ ಕೇಳ್ತಾರೆ, ಹಗಲಾದ್ಮೇಲೆ ಶತ್ರು ಗುಂಡಿನ ಕೆಳಗೆ ಸೇತುವೆ ಖಂಡಿತ ಬೀಳ್ಸೋಕಾಗುತ್ತಾ? ಗ್ಯಾರಂಟಿ ಇಲ್ಲ ಅನ್ನೋ ಉತ್ತರ. ಸೇತುವೆ ಬೆಳಗಿನವರೆಗೂ ನಿಲ್ಲುತ್ತೆ ಅಂತಾನೂ ಗ್ಯಾರಂಟಿ ಇಲ್ಲ. ಅತ್ತ ದರಿ ಇತ್ತ ಪುಲಿ. ಬೀಳಿಸಿದ್ರೆ ನಮ್ಮ ಹುಡುಗರು ಆಚೆ ಉಳೀತಾರೆ, ಬೀಳಿಸದೆ ಸೇತುವೆ ಇಡಿಯಾಗಿ ಶತ್ರು ಕೈಗೆ ಸಿಕ್ರೆ ರಂಗೂನ್‌ಗೆ ದಾರಿ ಪೂರ್ತಿ ತೆರೆದಂಗೆ, ಮಧ್ಯದಲ್ಲಿ ಯಾವ ಸೇನೆನೂ ಇಲ್ಲ. ಪಶ್ಚಿಮದಲ್ಲಿದ್ದ ಡಿವಿಜನ್ ಹೆಡ್‌ಕ್ವಾರ್ಟರ್ಸ್‌ಗೆ ಫೋನ್ ಹೋಯ್ತು. ಅಲ್ಲಿ ಫೋನ್ ಎತ್ತಿದ್ದು ಹತ್ತು ಹನ್ನೊಂದು ದಿನದ ಹಿಂದೆ ರಂಗೂನ್‌ಗೆ ಹೋಗಿ ಪರ್ಮಿಷನ್ ಕೇಳಿ ಬರಿಗೈಲಿ ಬಂದಿದ್ದ ಅದೇ ಅಧಿಕಾರಿ. ಅವರು ಕಮಾಂಡರ್‌ನ ಎಬ್ಬಿಸಿದ್ರು. ಮೊದಲ ಕಮಾಂಡರ್ ಐದು ನಿಮಿಷದೊಳಗೆ ಹೇಳಿದ್ರು, ಬೀಳಿಸಿ.

ಸ್ಫೋಟ ಆದ್ಮೇಲೆ ಸ್ವಲ್ಪ ಹೊತ್ತು ಎರಡೂ ಕಡೆ ಗುಂಡಿನ ಸದ್ದೇ ನಿಂತೋಗಿತ್ತಂತೆ. ಆಚೆ ದಡದಲ್ಲಿದ್ದೋರಿಗೆ ಆ ಸದ್ದು ಏನು ಅಂತ ಹೇಳಬೇಕಾಗೇ ಇರಲಿಲ್ಲ.

ಅವತ್ತು ಹಗಲೆಲ್ಲಾ ಹುಡುಗರು ಬೂಟು ಬಟ್ಟೆ ಬಿಚ್ಚಿ, ಬಿದಿರು ಕಟ್ಟಿ, ಖಾಲಿ ಪೆಟ್ರೋಲ್ ಡಬ್ಬ ತಬ್ಕೊಂಡು ನದಿಗೆ ಇಳಿದ್ರು. ಈಜು ಬರದ ಗೂರ್ಖಾ ಹುಡುಗರು ಎಷ್ಟೋ ಜನ. ಮಾರನೇ ದಿನ ಈಚೆ ದಡದಲ್ಲಿ ಲೆಕ್ಕ ಹಾಕಿದ್ರೆ ಇಡೀ ಡಿವಿಜನ್‌ಗೆ 3,484 ಪದಾತಿ ಜನ ಇದ್ರು, ಇರಬೇಕಾದ್ದರ ಅರ್ಧನೂ ಇಲ್ಲ, ಅವರ ಕೈಲಿ ಇದ್ದ ರೈಫಲ್ 1,420. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಸೈನಿಕರ ಕೈಲಿ ಬಂದೂಕೇ ಇಲ್ಲ, ಬಹಳಷ್ಟು ಜನರ ಕಾಲಲ್ಲಿ ಬೂಟೂ ಇಲ್ಲ.

ಒಂದೇ ವಾರದಲ್ಲಿ ಮೊದಲ ಕಮಾಂಡರ್ ಕೆಲಸ ಹೋಯ್ತು. ಅವರಿಗೆ ಮೊದಲಿಂದ್ಲೂ ಆರೋಗ್ಯ ಸರಿ ಇರಲಿಲ್ಲ, ಅದನ್ನ ಮೇಲಿನವರಿಗೆ ನೇರವಾಗಿ ಹೇಳಿ ಜಾಗ ಬಿಟ್ಟಿದ್ರೆ ಚೆನ್ನಾಗಿತ್ತು ಅನ್ನೋ ಮಾತು ಇದೆ, ನಿಜ ಕೂಡ. ರಂಗೂನ್ ಸಾಹೇಬ್ರ ಮೇಲೂ ಬೇರೆ ಒಬ್ಬರನ್ನ ತಂದು ಕೂರಿಸಿದ್ರು. ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಊರು ಬಿಟ್ಟು ಹೊರಟ ಇಡೀ ಸೇನೆ ಟೌಕ್ಯಾನ್ ಅನ್ನೋ ಜಾಗದಲ್ಲಿ ಒಂದು ಅಡ್ಡಗಟ್ಟಿಗೆ ಸಿಕ್ಕಿ ಪೂರ್ತಿ ಸೆರೆ ಆಗಬೇಕಿತ್ತು, ಆದ್ರೆ ಜಪಾನಿ ರೆಜಿಮೆಂಟ್ ಕಮಾಂಡರ್, ಜಪಾನಿ ಡಿವಿಜನ್ ರಸ್ತೆ ದಾಟೋವರೆಗೂ ಕಾಯಿ ಅಂತ ಮೇಲಿನವರು ಅಂದಿದ್ರು, ದಾಟಿ ಆಯ್ತು, ಇನ್ಯಾಕೆ ಅಂತ ತಾನೇ ಎದ್ದು ಹೋದ. ಆರ್ಡರ್‌ನ ಅಕ್ಷರಶಃ ಪಾಲಿಸೋ ಕಾಯಿಲೆ ಬರೀ ಒಂದು ಕಡೆ ಸೇನೆಗೆ ಇರಲಿಲ್ಲ ನೋಡಿ.

ಹಾಗಾದ್ರೆ ತಪ್ಪು ಯಾರದು? ಎಂಬತ್ತು ವರ್ಷದಿಂದ ಜನ ಆ ಐದು ನಿಮಿಷದ ನಿರ್ಧಾರನ ಜಗ್ಗಾಡ್ತಿದಾರೆ. ನನ್ನ ಪ್ರಕಾರ ಆ ಹೊತ್ತಲ್ಲಿ ಆ ಮಾಹಿತಿ ಇಟ್ಕೊಂಡು ಬೇರೆ ಯಾರಿದ್ರೂ ಅದನ್ನೇ ಮಾಡ್ತಿದ್ರು. ಎಡವಟ್ಟಾಗಿದ್ದು ಅದಕ್ಕೂ ಮುಂಚೆ. ಕೆಳಗಿರೋನಿಗೆ ಕಾಣ್ತಿರೋದು ಮೇಲಿರೋನಿಗೆ ತಲುಪ್ತಿರಲಿಲ್ಲ, ತಲುಪಿದ್ರೂ ಅವನು ನಂಬ್ತಿರಲಿಲ್ಲ, ನಂಬೋ ಹೊತ್ತಿಗೆ ಕೋಟೆ ಸೂರೆ ಹೋಗಿ ದಿಡ್ಡಿ ಬಾಗಿಲು ಹಾಕೋ ಸ್ಥಿತಿ.

ವಾಪಸ್ ನಡೆದಿದ್ದು

ಇಲ್ಲಿಂದ ಮೇ ತನಕ ಹಿಮ್ಮೆಟ್ಟಿದ್ದೇ ಹಿಮ್ಮೆಟ್ಟಿದ್ದು. ಪ್ರೋಮ್, ಎಣ್ಣೆ ಬಾವಿಗಳ ಯೆನಾಂಗ್ಯಾಂಗ್ (ಬಾವಿಗಳನ್ನ ತಾವೇ ಸುಟ್ಟು ಹೊರಟ್ರು), ಮಂಡಲೇ, ಕಲೇವಾ, ಟಮು, ಕೊನೆಗೆ ಇಂಫಾಲ್. ಸುಮಾರು ಒಂಬೈನೂರು ಮೈಲಿ. ಬ್ರಿಟಿಷ್ ಸೇನೆಯ ಇತಿಹಾಸದಲ್ಲೇ ಇಷ್ಟುದ್ದ ಹಿಮ್ಮೆಟ್ಟಿದ್ದು ಇನ್ನೊಂದಿಲ್ಲ. ಅವರ ಜೊತೆಗೆ, ಅವರಿಗಿಂತ ಮುಂದೆ, ಅವರಿಗಿಂತ ಹಿಂದೆ, ಬರ್ಮಾದಲ್ಲಿ ಬದುಕು ಕಟ್ಕೊಂಡಿದ್ದ ಲಕ್ಷಗಟ್ಟಲೆ ಭಾರತೀಯರು, ತಮಿಳರು, ತೆಲುಗರು, ಬಂಗಾಳಿಗಳು, ಕಾಲರಾ ಮಲೇರಿಯಾಗಳ ಮಧ್ಯೆ ನಡ್ಕೊಂಡೇ ಬಂದ್ರು, ದಾರಿ ಬದೀಲಿ ಸತ್ತೋರ ಸರಿಯಾದ ಲೆಕ್ಕ ಇಟ್ಟೋರೇ ಇಲ್ಲ. ಅದು ಬೇರೇನೇ ಪ್ರಕರಣ, ಇಲ್ಲಿ ಎರಡು ಸಾಲಲ್ಲಿ ಮುಗಿಸ್ತಿರೋದಕ್ಕೆ ನಂಗೇ ಬೇಜಾರಿದೆ.

ಒಂದು ವಿಷಯ ಮಾತ್ರ ಗಮನಿಸಿ. ಹೊಸದಾಗಿ ಬಂದ ಎರಡನೇ ಕಮಾಂಡರ್ ಕೈಕೆಳಗೆ ಡಿವಿಜನ್ ಸೋಲ್ತಾ ಇದ್ರೂ ಒಡೀಲಿಲ್ಲ. ಏಪ್ರಿಲ್ ಕೊನೇಲಿ ಚೌಕ್ಸೆ ಅನ್ನೋ ಊರಲ್ಲಿ ಇದರ ಒಂದು ಗೂರ್ಖಾ ಬ್ರಿಗೇಡ್, ಸೇತುವೆ ಕಾಯೋಕೆ ನಿಂತಿದ್ದ ಅದೇ ಬ್ರಿಗೇಡ್, ಹಿಂದೆ ಬರ್ತಿದ್ದ ಜಪಾನಿಗಳಿಗೆ ಚೆನ್ನಾಗಿ ಬಾರಿಸಿ ಟೈಮಿಗೆ ಸರಿಯಾಗಿ ಕಳಚಿಕೊಂಡು ಬಂತು. ಸೋತ ವರ್ಷದ ಒಳಗೇ ಇಂಥ ಒಂದೆರಡು ಸಣ್ಣ ಗೆಲುವು ಇರುತ್ತೆ, ಆಗ ಯಾರ ಕಣ್ಣಿಗೂ ಬೀಳಲ್ಲ.

ಬೋರಿಂಗ್ ವರ್ಷ

ನಿಜವಾದ ತಿರುವು ಯಾವುದು ಅಂತ ಕೇಳಿದ್ರೆ ಎಲ್ಲರೂ ಕೊಹಿಮಾ ಅಂತಾರೆ, ಇಂಫಾಲ್ ಅಂತಾರೆ. ನಾನು 1943 ಅಂತೀನಿ. ಆ ವರ್ಷ ಹೇಳ್ಕೊಳ್ಳೋ ಅಂಥ ಗೆಲುವು ಒಂದೂ ಇಲ್ಲ, ಬದ್ಲಿಗೆ ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್‌ನಲ್ಲಿ ಇನ್ನೊಂದು ಸೋಲು. ಡೊನ್‌ಬೈಕ್ ಹತ್ರ ಜಪಾನಿ ಬಂಕರ್‌ಗಳಿಗೆ ಎದುರಿಂದ ಹೋಗಿ ಹೋಗಿ ತಲೆ ಚಚ್ಕೊಂಡು, ಮೇ ಹೊತ್ತಿಗೆ ಹೊರಟ ಜಾಗಕ್ಕೇ ವಾಪಸ್. ಜಪಾನಿ ಸೈನಿಕ ಕಾಡಿನ ಭೂತ, ಅವನನ್ನ ಸೋಲ್ಸೋಕಾಗಲ್ಲ ಅನ್ನೋ ಮಾತು ಕ್ಯಾಂಪ್ ಕ್ಯಾಂಪ್‌ನಲ್ಲಿ.

ಆಗ ಮಾಡಿದ ಕೆಲಸಗಳು ನೋಡೋಕೆ ಒಂದೂ ವೀರಗಾಥೆ ತರ ಇಲ್ಲ. ಮಲೇರಿಯಾ ತಗೊಳ್ಳಿ. ಆ ವರ್ಷ ಗಾಯ ಆಗಿ ಆಸ್ಪತ್ರೆ ಸೇರಿದ ಒಬ್ಬ ಸೈನಿಕನಿಗೆ ಕಾಯಿಲೆ ಬಿದ್ದು ಸೇರಿದೋರು 120 ಜನ ಇದ್ರು. ಅಂದ್ರೆ ಜಪಾನಿಗಳಿಗಿಂತ ಕಾಯಿಲೆ ನೂರಿಪ್ಪತ್ತು ಪಟ್ಟು ಡೇಂಜರ್. ಮೆಪಾಕ್ರಿನ್ ಅಂತ ಮಾತ್ರೆ ಇತ್ತು, ತಿಂದ್ರೆ ಮೈ ಹಳದಿ ಆಗುತ್ತೆ, ಗಂಡಸ್ತನ ಹೋಗುತ್ತೆ ಅಂತ ಪುಕಾರು ಬೇರೆ, ಯಾರೂ ತಗೋತಿರಲಿಲ್ಲ. ಹೊಸ ಆರ್ಮಿ ಕಮಾಂಡರ್ ಏನ್ ಮಾಡಿದ್ರು ಅಂದ್ರೆ ಹೇಳದೆ ಕೇಳದೆ ಯಾವುದಾದ್ರೂ ಒಂದು ಬೆಟಾಲಿಯನ್‌ಗೆ ಹೋಗಿ ಎಲ್ಲರನ್ನೂ ಟೆಸ್ಟ್ ಮಾಡಿಸೋದು, ಮಾತ್ರೆ ತಗೊಂಡಿರೋರು 95 ಪರ್ಸೆಂಟ್‌ಗಿಂತ ಕಮ್ಮಿ ಇದ್ರೆ ಸೈನಿಕನಿಗೆ ಶಿಕ್ಷೆ ಇಲ್ಲ, ಕಮಾಂಡಿಂಗ್ ಆಫೀಸರ್ ಮನೆಗೆ. ಮೂರು ಜನರನ್ನ ಕಳಿಸಿದ್ರು, ಅಷ್ಟೇ ಸಾಕಾಯ್ತು, ಉಳಿದೋರಿಗೆ ಬುದ್ಧಿ ಬಂತು. ಜೊತೆಗೆ ಜ್ವರ ಬಂದೋರನ್ನ ನೂರಾರು ಮೈಲಿ ಹಿಂದಿನ ಆಸ್ಪತ್ರೆಗೆ ಕಳಿಸಿ ತಿಂಗಳುಗಟ್ಟಲೆ ಕಳ್ಕೊಳ್ಳೋ ಬದಲು ಮುಂಚೂಣಿಯ ಹಿಂದೇನೇ ಟೆಂಟ್ ಹಾಕಿ ವಾಸಿ ಮಾಡೋಕೆ ಶುರು ಮಾಡಿದ್ರು.

ಟ್ರೈನಿಂಗ್‌ಗೆ ಅಂತಲೇ ಎರಡು ಪೂರ್ತಿ ಡಿವಿಜನ್ ಎತ್ತಿಟ್ರು, ಒಂದು ಛಿಂದ್ವಾಡಾದಲ್ಲಿ, ಇನ್ನೊಂದು ಸಹಾರನ್‌ಪುರದಲ್ಲಿ. ಹೊಸ ಹುಡುಗ ಯಾರೇ ಆಗಲಿ ಕಾಡಲ್ಲಿ ಒಂದಷ್ಟು ದಿನ ಮಲಗಿ ಎದ್ದು ಬರದೆ ಬೆಟಾಲಿಯನ್ ಸೇರೋ ಹಾಗಿಲ್ಲ. ಆಮೇಲೆ ಪ್ಯಾಟ್ರೋಲ್ ಕಳಿಸೋದು, ಅಂದ್ರೆ ಗಸ್ತು, ಸಣ್ಣ ಸಣ್ಣ ಗುಂಪು. ಹೋಗಿ ಇಬ್ಬರು ಜಪಾನಿಗಳನ್ನ ಹೊಡೆದು ಬಂದ್ರೂ ಅದು ಇಡೀ ಬೆಟಾಲಿಯನ್‌ಗೆ ಸುದ್ದಿ. ಅದಾದ್ಮೇಲೆ ಶತ್ರುವಿನ ಒಂದು ಕಂಪನಿ (ನೂರು ಚಿಲ್ಲರೆ ಜನ) ಮೇಲೆ ತಮ್ಮ ಇಡೀ ಬ್ರಿಗೇಡ್ ಬಿಡೋದು, ಅಂದ್ರೆ ಸೋಲೋ ಚಾನ್ಸೇ ಇರಬಾರದು. ಲೆಕ್ಕಾಚಾರದಲ್ಲಿ ಇದು ದಂಡ ಅನ್ಸುತ್ತೆ, ಆದ್ರೆ ಸೋತು ಸೋತು ಬಂದೋರಿಗೆ ಗೆಲುವಿನ ರುಚಿ ತೋರಿಸೋಕೆ ಬೇರೆ ದಾರಿ ಏನಿತ್ತು?

ಎಲ್ಲಕ್ಕಿಂತ ಮುಖ್ಯ ಒಂದು ಬದಲಾವಣೆ. ಹಿಂದೆ ಶತ್ರು ಬಂದ್ರೆ ಓಡಬೇಡಿ, ಇದ್ದಲ್ಲೇ ಸುತ್ತ ಬೇಲಿ ಹಾಕ್ಕೊಂಡು ಕೂತ್ಕೊಳ್ಳಿ, ಸುತ್ತುವರಿದಿರೋದು ನೀವಲ್ಲ, ಅವನು. ಊಟ ಮದ್ದುಗುಂಡು ಮೇಲಿಂದ ವಿಮಾನ ಹಾಕುತ್ತೆ. ಹೇಳೋದು ಸುಲಭ, ಆದ್ರೆ ವಿಮಾನ ಬರಲೇಬೇಕಲ್ಲ! ಪ್ಯಾರಾಚೂಟ್‌ಗೆ ರೇಷ್ಮೆ ಸಿಗಲ್ಲ ಅಂದಾಗ ಕಲ್ಕತ್ತಾ ಸೆಣಬಿನಲ್ಲಿ ಪ್ಯಾರಾಚೂಟ್ ಹೊಲಿಸಿದ್ರು, ಸಾಮಾನು ಇಳಿಸೋಕೆ ಅದೇ ಸಾಕಾಯ್ತು. ನಮ್ಮೂರ ಲಿಂಕ್ ಬರೋದು ಇಲ್ಲೇ: ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆನ 1943ರಲ್ಲಿ ಅಮೆರಿಕನ್ ವಾಯುಸೇನೆ ತನ್ನ ವಿಮಾನ ರಿಪೇರಿ ಡಿಪೋ ಮಾಡ್ಕೊಂಡು ನಡೆಸ್ತಿತ್ತು. ಹಲಸೂರಿನ ಮದ್ರಾಸ್ ಸ್ಯಾಪರ್ಸ್ (ಸೇನೆಯ ಇಂಜಿನಿಯರ್ ದಳ) ಕಂಪನಿಗಳು ಬರ್ಮಾ ಕಡೆ ರಸ್ತೆ ಸೇತುವೆ ಕಟ್ತಾ ಇದ್ವು. ಕೆರೆ ಏರಿ ಮೇಲೆ ವಾಕಿಂಗ್ ಹೋಗೋರು ಆ ಕಾಂಪೌಂಡ್ ಗೋಡೆ ನೋಡಿರ್ತೀರ.

1944 ಫೆಬ್ರವರಿಲಿ ಅರಾಕಾನ್‌ನಲ್ಲೇ ಇದರ ಮೊದಲ ಪರೀಕ್ಷೆ ಆಯ್ತು. ಜಪಾನಿಗಳು ಹಳೇ ಕೊಕ್ಕೆನೇ ಹಾಕಿದ್ರು, 7ನೇ ಡಿವಿಜನ್ ಹಿಂದೆ ಬಂದು ಕೂತ್ರು. ಈ ಸಲ ಯಾರೂ ಓಡಲಿಲ್ಲ. ಗುಮಾಸ್ತರು, ಅಡುಗೆಯೋರು, ಹೇಸರಗತ್ತೆ ನೋಡ್ಕೊಳ್ಳೋರು ಎಲ್ಲಾ ಬಂದೂಕು ಹಿಡಿದು ಮೂರು ವಾರದಷ್ಟು ದಿನ ಕೂತ್ರು, ಡಕೋಟಾ ವಿಮಾನಗಳು ಮೇಲಿಂದ ಹಾಕ್ತಾನೇ ಇದ್ವು, ಹಸಿದು ವಾಪಸ್ ಹೋಗಿದ್ದು ಜಪಾನಿಗಳು.

ಅದೇ ತಪ್ಪು, ಎರಡನೇ ಸಲ

ಈಗ ನಮ್ಮ ಡಿವಿಜನ್ನು. 1944 ಮಾರ್ಚ್‌ನಲ್ಲಿ 17ನೇ ಡಿವಿಜನ್ ಎಲ್ಲಿತ್ತು ಅಂದ್ರೆ ಟಿಡ್ಡಿಮ್‌ನಲ್ಲಿ, ಇಂಫಾಲ್‌ನಿಂದ ಸುಮಾರು 160 ಮೈಲಿ ದಕ್ಷಿಣಕ್ಕೆ, ಗುಡ್ಡದ ತುದೀಲಿ, ವಾಪಸ್ ಬರೋಕೆ ಒಂದೇ ಒಂದು ರಸ್ತೆ, ಆ ರಸ್ತೆ ಮಧ್ಯದಲ್ಲಿ ಮಣಿಪುರ ನದಿ, ಅದರ ಮೇಲೆ ಒಂದು ಸೇತುವೆ. ಎದುರಿಗೆ ಬಂದಿದ್ದು ಜಪಾನಿನ 33ನೇ ಡಿವಿಜನ್. ಹೌದು, ಅದೇ 33.

ಪ್ಲಾನ್ ಏನಪ್ಪಾ ಅಂದ್ರೆ ಜಪಾನಿಗಳು ದೊಡ್ಡ ದಾಳಿ ಶುರು ಮಾಡಿದ ತಕ್ಷಣ ಡಿವಿಜನ್ ಇಂಫಾಲ್ ಬಯಲಿಗೆ ವಾಪಸ್ ಬರೋದು, ಶತ್ರುನ ಅವನ ಊಟದ ದಾರಿಯಿಂದ ದೂರಕ್ಕೆ ಎಳೆದು ಅಲ್ಲಿ ಹೊಡೆಯೋದು. ಚೆನ್ನಾಗಿದೆ. ಆದ್ರೆ "ತಕ್ಷಣ" ಯಾವಾಗ ಅನ್ನೋದನ್ನ ಡಿವಿಜನ್ನಿನ ಮೇಲಿನ ಹಂತವಾದ ಕೋರ್ ಹೆಡ್‌ಕ್ವಾರ್ಟರ್ಸ್‌ಗೆ ಬಿಟ್ಟಿದ್ರು. ಮಾರ್ಚ್ 8ರ ಸುಮಾರಿಗೆ ಇಬ್ಬರು ಗೂರ್ಖಾ ಸೈನಿಕರ ಒಂದು ಗಸ್ತು ಬಂದು ಹೇಳ್ತು, ಸಾವಿರಾರು ಜಪಾನಿಗಳು ತೋಪುಗಳ ಸಮೇತ ನದಿ ದಾಟ್ತಿದಾರೆ, ಕಣ್ಣಾರೆ ನೋಡಿದೀವಿ. ಮೇಲಿನವರು ನಂಬಲಿಲ್ಲ! ಅಷ್ಟು ಜನ ಎಲ್ಲಿ ಬರ್ತಾರೆ, ಅಷ್ಟು ಬೇಗ ಹೆಂಗೆ ಬರ್ತಾರೆ ಅಂತ. ವಾಪಸ್ ಬರೋ ಆರ್ಡರ್ ಸಿಕ್ಕಿದ್ದು 13ಕ್ಕೆ. ಅಷ್ಟೊತ್ತಿಗೆ ರಸ್ತೆ ಹಿಂದೆ ಹಲವು ಕಡೆ ಕಟ್ ಆಗಿತ್ತು, ಸಾಮಾನಿನ ಡಿಪೋ ಇದ್ದ ಮೈಲಿಗಲ್ಲು 109 ಜಪಾನಿಗಳ ಕೈಗೆ ಹೋಗೋದ್ರಲ್ಲಿತ್ತು.

ಓದ್ತಾ ಓದ್ತಾ ಸಿತ್ತಾಂಗ್ ನೆನಪಾಗ್ಲಿಲ್ವಾ? ನದಿ, ಸೇತುವೆ, ಲೇಟಾದ ಪರ್ಮಿಷನ್, ಹಿಂದೆ ಕೂತ 33. ಎಲ್ಲಾ ಅದೇ.

ಆದ್ರೆ ಈ ಸಲ ಡಿವಿಜನ್ ನಡೆಸ್ತಿದ್ದಿದ್ದು ಅವತ್ತು ಬೆಳಗಿನ ಜಾವ ಫೋನ್ ಎತ್ತಿದ್ದ ಮನುಷ್ಯ. ಮೇಲಿನ ಆರ್ಡರ್‌ಗೆ ಕಾಯದೆ ಅವರು ಮುಂಚೆನೇ, ಸ್ವಂತ ಜವಾಬ್ದಾರಿ ಮೇಲೆ, ಒಂದು ತುಕಡಿನ ಹಿಂದಕ್ಕೆ ಕಳಿಸಿ ಸೇತುವೆ ಮೇಲಿನ ಗುಡ್ಡದ ದಾರಿ ಕಾಯೋಕೆ ಹೇಳಿದ್ರು. ನನಗೆ ಇಡೀ ಪ್ರಕರಣದಲ್ಲಿ ಇದೊಂದೇ ನಿರ್ಧಾರ ಸಾಕು. ದೊಡ್ಡ ಭಾಷಣ ಇಲ್ಲ, ಬಂಡಾಯ ಇಲ್ಲ, ಸುಮ್ನೆ ಒಂದು ತುಕಡಿ ಮುಂಚೆ ಹೋಗಿ ಗುಡ್ಡ ಹಿಡೀತು. ಹದಿನಾರು ಸಾವಿರದಷ್ಟು ಜನ, ಎರಡೂವರೆ ಸಾವಿರ ಗಾಡಿ, ಮೂರೂವರೆ ಸಾವಿರ ಹೇಸರಗತ್ತೆ 14ನೇ ತಾರೀಕು ಸಂಜೆ ಹೊರಟ್ವು. ಎಲ್ಲಾರೂ ದಾಟಿದ್ಮೇಲೆ, ಮಾರ್ಚ್ ಕೊನೆ ವಾರದಲ್ಲಿ, ಸೇತುವೆ ಬೀಳಿಸಿದ್ರು. ಈ ಸಲ ಕ್ರಮ ಸರಿ ಇತ್ತು, ಮೊದಲು ಜನ, ಆಮೇಲೆ ಸಿಡಿಮದ್ದು.

ರಸ್ತೆ ಅಡ್ಡಗಟ್ಟಿದ್ದು ನಿಜ, ಆದ್ರೆ ಊಟ ಮೇಲಿಂದ ಬರ್ತಿತ್ತು, ಇಂಫಾಲ್ ಕಡೆಯಿಂದ 23ನೇ ಡಿವಿಜನ್ ಬ್ರಿಗೇಡ್‌ಗಳು ಎದುರು ಬಂದ್ವು, ಒಂದೊಂದೇ ಅಡ್ಡಗಟ್ಟು ಒಡ್ಕೊಂಡು ಏಪ್ರಿಲ್ ಮೊದಲ ವಾರ ಡಿವಿಜನ್ ಇಂಫಾಲ್ ಬಯಲಿಗೆ ಬಂತು, ಸಾವಿರಕ್ಕೂ ಮೇಲೆ ಗಾಯಾಳುಗಳನ್ನ ಹೊತ್ಕೊಂಡೇ. ಅದೇ ಹೊತ್ತಲ್ಲಿ ಅರಾಕಾನ್‌ನಲ್ಲಿದ್ದ 5ನೇ ಡಿವಿಜನ್‌ನ ಅದರ ತೋಪು, ಹೇಸರಗತ್ತೆ ಸಮೇತ ವಿಮಾನದಲ್ಲಿ ಎತ್ತಿ ತಂದು ಇಂಫಾಲ್‌ನಲ್ಲಿ ಇಳಿಸ್ತಿದ್ರು.

ಇದಾದ್ಮೇಲೆ ಆರ್ಮಿ ಕಮಾಂಡರ್, ಟೈಮಿಂಗ್ ವಿಷಯದಲ್ಲಿ ತಪ್ಪು ನನ್ನದು, ಆ ಆರ್ಡರ್‌ನ ನಾನೇ ಕೊಡಬೇಕಿತ್ತು ಅಂತ ಬಾಯಿಬಿಟ್ಟು ಒಪ್ಕೊಂಡ್ರು. ಎದುರು ಪಾಳಯದಲ್ಲಿ ಏನಾಯ್ತು ನೋಡಿ. 33ನೇ ಡಿವಿಜನ್ ಕಮಾಂಡರ್ ಮಾರ್ಚ್‌ನಲ್ಲೇ ಮೇಲಕ್ಕೆ ಸಂದೇಶ ಕಳಿಸಿದ್ರು, ಈ ದಂಡಯಾತ್ರೆ ಕೈಬಿಡೋದು ವಾಸಿ ಅಂತ. ಮೂರು ವಾರದ ಅಕ್ಕಿ ಕಟ್ಕೊಂಡು ಬಂದಿದ್ರು, ಉಳಿದಿದ್ದು ಬ್ರಿಟಿಷರ ಉಗ್ರಾಣದಿಂದ ಕಿತ್ಕೊಂಡು ತಿನ್ನೋದು ಅನ್ನೋ ಪ್ಲಾನು. ಅವರು ಹೇಳಿದ್ದು ಸತ್ಯ. ಸಿಕ್ಕಿದ್ದು ಬೈಗುಳ, ಆಮೇಲೆ ಕೆಲಸದಿಂದ ವಜಾ. ಅವರೊಬ್ಬರೇ ಅಲ್ಲ, ಆ ದಾಳೀಲಿದ್ದ ಮೂರೂ ಜಪಾನಿ ಡಿವಿಜನ್ ಕಮಾಂಡರ್‌ಗಳನ್ನ ಕಿತ್ತಾಕಿದ್ರು. ಜೂನ್ 22ಕ್ಕೆ ಕೊಹಿಮಾ-ಇಂಫಾಲ್ ರಸ್ತೆ ತೆರೀತು. ವಾಪಸ್ ಹೋಗೋ ದಾರೀಲಿ ಹಸಿವು, ಮಳೆ, ಭೇದಿಗೆ ಸತ್ತೋರೂ ಸೇರಿ ಜಪಾನಿಗಳು ಸುಮಾರು 30 ಸಾವಿರ ಜನ ಹೋದ್ರು.

ಇಂಫಾಲ್‌ನಲ್ಲಿ ಜಪಾನಿಗಳ ಜೊತೆ ಆಜಾದ್ ಹಿಂದ್ ಫೌಜ್ ಕೂಡ ಇತ್ತು, ಏಪ್ರಿಲ್ 14ಕ್ಕೆ ಮೊಯಿರಾಂಗ್‌ನಲ್ಲಿ ಧ್ವಜ ಹಾರಿಸಿದ್ದೂ ಅವರೇ. ಅವರಲ್ಲಿ ಎಷ್ಟೋ ಜನ ಸಿಂಗಪುರದಲ್ಲಿ ಸೆರೆ ಸಿಕ್ಕ ಇದೇ ಇಂಡಿಯನ್ ಆರ್ಮಿ ಹುಡುಗರು. ಹಂಗಾಗಿ ಇದನ್ನ ಓದುವಾಗ "ನಮ್ಮೋರು" ಅನ್ನೋ ಪದ ಎಲ್ಲಿ ನಿಲ್ಲುತ್ತೆ ಅಂತ ನಂಗೂ ಗೊಂದಲ, ಅದನ್ನ ಬಗೆಹರಿಸೋಕೆ ಹೋಗಲ್ಲ. ಸಿತ್ತಾಂಗ್‌ನಲ್ಲಿ ಚಿಂದಿ ಆಗಿದ್ದ 7ನೇ ಗೂರ್ಖಾ ರೈಫಲ್ಸ್‌ನ ಒಬ್ಬ ಸೈನಿಕ ಆ ಜೂನ್‌ನಲ್ಲಿ ನಿಂಗ್‌ಥೌಖಾಂಗ್ ಹತ್ರ ಜಪಾನಿ ಟ್ಯಾಂಕ್‌ಗಳನ್ನ ಹೊಡೆದು ವಿಕ್ಟೋರಿಯಾ ಕ್ರಾಸ್ ತಗೊಂಡ, ಅದಂತೂ ದಾಖಲೆ.

ವಾಪಸ್ ಅದೇ ನದಿಗೆ

ಉಳಿದಿದ್ದನ್ನ ಬೇಗ ಹೇಳ್ತೀನಿ. 1945 ಫೆಬ್ರವರಿ 21ಕ್ಕೆ, ಆ ಧೂಳಿನ ದಾರೀಲಿ ನಡೆದು ಸರಿಯಾಗಿ ಮೂರು ವರ್ಷಕ್ಕೆ, 17ನೇ ಡಿವಿಜನ್ ಲಾರಿ ಹತ್ತಿ ಶೆರ್ಮನ್ ಟ್ಯಾಂಕ್‌ಗಳ ಜೊತೆ ಇರಾವತಿ ದಾಟಿದ ಜಾಗದಿಂದ ಮೆಯ್ಕ್‌ಟಿಲಾ ಕಡೆಗೆ ಹೊರಡ್ತು. ಕೆರೆಗಳ ಮಧ್ಯದ ಊರು, ಜಪಾನಿಗಳ ಇಡೀ ಉಗ್ರಾಣ ಅಲ್ಲಿತ್ತು. ಎರಡು ಸಾವಿರ ಗಾಡಿ ಬರ್ತಿದಾವೆ ಅಂತ ಜಪಾನಿಗಳ ಕಡೆ ವರದಿ ಹೋಯ್ತು. ಮೇಲೆ ಕೂತಿದ್ದ ಸ್ಟಾಫ್ ಆಫೀಸರ್, ಅಷ್ಟೊಂದು ಹೆಂಗೆ ಸಾಧ್ಯ ಅಂತ ಒಂದು ಸೊನ್ನೆ ಹೊಡೆದಾಕಿ ಇನ್ನೂರು ಮಾಡ್ಬಿಟ್ಟ. ಟಿಡ್ಡಿಮ್‌ನಲ್ಲಿ ಗೂರ್ಖಾ ಗಸ್ತಿನ ಮಾತು ನಂಬದೆ ಇದ್ದೋರ ಥರಾನೇ, ಈ ಸಲ ಆಚೆ ಪಾಳಯದಲ್ಲಿ. ಮಾರ್ಚ್ 3ಕ್ಕೆ ಊರು ಬಿತ್ತು. ಆಮೇಲೆ ಜಪಾನಿಗಳು ಸುತ್ತುವರಿದು ಮಾರ್ಚ್ ಕೊನೆವರೆಗೂ ಬಡಿದಾಡಿದ್ರು, ದಿನಾ ಬೆಳಗ್ಗೆ ಏರ್‌ಸ್ಟ್ರಿಪ್ ಪಕ್ಕ ರಾತ್ರಿ ಬಂದು ಕೂತೋರನ್ನ ಓಡ್ಸಿ ಆಮೇಲೆ ವಿಮಾನ ಇಳಿಸ್ಬೇಕಿತ್ತು. ಎರಡನೇ ಕಮಾಂಡರ್ ಇದನ್ನೆಲ್ಲಾ ನಡೆಸ್ತಿದ್ದ ದಿನಗಳಲ್ಲೇ ಅವರ ಮಗ ಮಂಡಲೇ ಯುದ್ಧದಲ್ಲಿ ತೀರ್ಕೊಂಡ್ರು.

ರಂಗೂನ್‌ಗೆ ಮೊದಲು ಕಾಲಿಡೋ ಆಸೆ ಈ ಡಿವಿಜನ್‌ಗಿಂತ ಜಾಸ್ತಿ ಇನ್ಯಾರಿಗೂ ಇದ್ದಿರಲ್ಲ. ಪೆಗುವರೆಗೂ ಬಂದ್ರು, ಮೇ ಮೊದಲ ದಿನಗಳಲ್ಲಿ ಮಳೆ ಮುಂಚೆನೇ ಹಿಡ್ಕೊಂಡು ರಸ್ತೆ ಕೆಸರಾಯ್ತು, ಸಮುದ್ರದ ಕಡೆಯಿಂದ ಬಂದ ಬೇರೆ ಡಿವಿಜನ್ ಊರು ಹೊಕ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜುಲೈನಲ್ಲಿ, ಪಶ್ಚಿಮದ ಗುಡ್ಡಗಳಲ್ಲಿ ಸಿಕ್ಕಾಕೊಂಡಿದ್ದ ಜಪಾನಿ 28ನೇ ಸೇನೆ ಪೂರ್ವಕ್ಕೆ ತಪ್ಪಿಸ್ಕೊಳ್ಳೋಕೆ ಹೊರಡ್ತು. ಅವರ ಪ್ಲಾನಿನ ಕಾಗದ ತಿಂಗಳ ಮೊದಲಲ್ಲೇ ಸತ್ತ ಒಬ್ಬ ಅಧಿಕಾರಿ ಹತ್ರ ಸಿಕ್ಕಿತ್ತು, ಈ ಸಲ ಓದಿದೋರು ಅದನ್ನ ನಂಬಿದ್ರು ಕೂಡ. 17ನೇ ಡಿವಿಜನ್ ದಾರಿ ಕಾಯ್ಕೊಂಡು ಕೂತಿತ್ತು. ಬಂದೋರ ಮುಂದೆ ತುಂಬಿ ಹರೀತಿರೋ ಸಿತ್ತಾಂಗ್, ಸೇತುವೆ ಇಲ್ಲ. ಬಿದಿರು ಕಟ್ಟಿ, ಕೈಗೆ ಸಿಕ್ಕಿದ್ದನ್ನ ತಬ್ಕೊಂಡು, ಹಸಿದ ಸಾವಿರಾರು ಹುಡುಗರು ನೀರಿಗೆ ಇಳಿದ್ರು.